ಬರ್ತೀನಿ ಬಿಡು

ಒದ್ದೆ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಫಿಂಟನ್ ಗಾರ್ವಿಗೆ ಅಮ್ಮನ ಕೋಟಿನ ಅಂಚು ಕೈಗೆ ಸಿಕ್ಕಂತಾಯಿತು. ಆರು ವರ್ಷದವನಿದ್ದಾಗ ಪ್ರತಿ ಶನಿವಾರ ಆ ಅಂಚು ಹಿಡಿದುಕೊಂಡೇ ಅವನು ಕಾರ್ಕ್ ನಗರದ ಈ ಮಾರುಕಟ್ಟೆಯೊಳಗೆ ಬರುತ್ತಿದ್ದದ್ದು. ನೆಲದ ಮೇಲೆ ಹರಡಿದ ಹೊಟ್ಟು, ಅದರ ಮೇಲೆ ಕರಗಿ ತೊಟ್ಟಿಕ್ಕುವ ಮಂಜುಗಡ್ಡೆ, ಮೀನು, ಬೆಣ್ಣೆ, ಬೇಯಿಸಿದ ಕುರಿಯ ಕರುಳು, ಎಲ್ಲ ಸೇರಿ ಒಂದೇ ವಾಸನೆ. ಅವನಿಗೆ ನಲವತ್ತಮೂರು ತುಂಬಿದರೂ ಅದು ಒಂದಿಷ್ಟೂ ಬದಲಾಗಿರಲಿಲ್ಲ.

ಟೂಮಿಯವರ ಮೀನಿನ ಅಂಗಡಿಯ ಮುಂದೆ ಅವನು ಟೋಪಿ ಕೈಯಲ್ಲಿ ಹಿಡಿದು, ಹೆಣ್ಣು ಕೇಳಲು ಬಂದವನ ಹಾಗೆ ನಿಂತುಕೊಂಡ. ಗುರುವಾರದ ಬೆಳಗ್ಗೆ. ಮರುದಿನ ಶುಕ್ರವಾರ, ಊರಿಗೆ ಊರೇ ಮಾಂಸ ಬಿಟ್ಟು ಮೀನು ತಿನ್ನುವ ದಿನವಾದ್ದರಿಂದ ಅಂಗಡಿಯಲ್ಲಿ ಗಡಿಬಿಡಿ. ಕಾನ್ ಟೂಮಿ ಹಿಂದೆ ನಿಂತು ದೊಡ್ಡ ದೊಡ್ಡ ಮೀನುಗಳ ತಲೆ ಹಾರಿಸುತ್ತಿದ್ದ. ಅವನ ಹೆಂಡತಿ ನೋನಿ ಮುಂದೆ ನಿಂತು ವ್ಯಾಪಾರ ನೋಡುತ್ತಿದ್ದಳು.

"ಏನ್ ಬೇಕಿತ್ತು ಗಾರ್ವಿಯವ್ರೇ? ಬಂಗಡೆ ಇದೆ ನೋಡಿ, ಈಗ ತಾನೇ ಬಂದದ್ದು. ನಿಮ್ಮ ತಂಡಕ್ಕಿಂತ ಚುರುಕಾಗಿದೆ."

ಪಕ್ಕದ ಬೆಣ್ಣೆ ಅಂಗಡಿಯವಳು ಕಿಸಕ್ಕನೆ ನಕ್ಕಳು.

"ಗೋಲ್‌ಕೀಪರ್ ಬೇಕಾಗಿತ್ತು ನೋನಿ," ಎಂದ ಫಿಂಟನ್.

"ಅದನ್ನ ಇಲ್ಲಿ ಮಾರಲ್ಲ."

ಅವಳಿಗೂ ವಿಷಯ ಗೊತ್ತಿತ್ತು; ಕಾರ್ಕಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಕ್ಯಾರಿಗ್ ಹಿಲ್ ರೋವರ್ಸ್ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಡೆನಿಸ್, ಹಿಂದಿನ ದಿನ ಅತ್ತೆಯ ಮನೆಯ ಮಳೆದೋಣಿಗೆ ಬಣ್ಣ ಬಳಿಯಲು ಹತ್ತಿ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಅವನ ಬದಲಿಗೆ ಇರಬೇಕಾದವನು ಕಟ್ಟಡದ ಕೆಲಸ ಹುಡುಕಿಕೊಂಡು ಲಂಡನ್ನಿಗೆ ಹೋಗಿ ತಿಂಗಳಾಗಿತ್ತು. ಭಾನುವಾರ ಡಬ್ಲಿನ್ನಿನ ತಂಡದ ಎದುರು ಈ ವರ್ಷದ ಕೊನೆಯ ಪಂದ್ಯ. ಗೆಲ್ಲದಿದ್ದರೂ ಚಿಂತೆಯಿಲ್ಲ, ಸೋಲದಿದ್ದರೆ ಸಾಕು, ರೋವರ್ಸ್ ಮೇಲಿನ ದರ್ಜೆಯಲ್ಲೇ ಉಳಿಯುತ್ತದೆ. ಸೋತರೆ ತಂಡ ಕೆಳಕ್ಕೆ, ಅದರ ಮ್ಯಾನೇಜರ್ ಫಿಂಟನ್ ಮನೆಗೆ. ಮನೆಗೆ ಎಂದರೂ ತಪ್ಪೇ. ಈ ಊರಿನಲ್ಲಿ ಬೇರೆ ಕೆಲಸವಿಲ್ಲದ್ದರಿಂದ ಮತ್ತೆ ಪೆಟ್ಟಿಗೆ ಕಟ್ಟಿಕೊಂಡು ಹಡಗು ಹತ್ತಬೇಕು. ಇಪ್ಪತ್ತೈದು ವರ್ಷ ಇಂಗ್ಲೆಂಡಿನಲ್ಲಿ ಬಾಳಿ, ಹಿಂದಿನ ಜುಲೈಯಲ್ಲಷ್ಟೇ ಹುಟ್ಟೂರಿಗೆ ಬಂದವನು ಅವನು. ಇನ್ನೊಮ್ಮೆ ಪೆಟ್ಟಿಗೆ ಕಟ್ಟುವ ಶಕ್ತಿ ತನ್ನಲ್ಲಿಲ್ಲ ಎಂಬುದು ಅವನಿಗೆ ಹಿಂದಿನ ರಾತ್ರಿಯೇ ಮನದಟ್ಟಾಗಿತ್ತು.

"ಕಾನ್," ಎಂದು ಅವನು ನೋನಿಯ ಹೆಗಲ ಮೇಲಿಂದ ಇಣುಕಿದ, "ಒಂದೇ ಒಂದು ಆಟ. ತೊಂಬತ್ತು ನಿಮಿಷ. ಆಮೇಲೆ ಈ ಕಡೆ ತಲೆ ಹಾಕಿ ಮಲಗಲ್ಲ."

ಕಾನ್ ತಲೆಯೆತ್ತಲಿಲ್ಲ. ಹನ್ನೊಂದು ವರ್ಷ ರೋವರ್ಸಿನ ಗೋಲು ಕಾಯ್ದವನು ಅವನು. ಮೂರು ವರ್ಷದ ಹಿಂದೆ ಯಾರದೋ ಬೂಟಿನ ಕೆಳಗೆ ಬಲಗೈ ಸಿಕ್ಕಿಕೊಂಡು, ಎರಡು ತಿಂಗಳು ಚಾಕು ಹಿಡಿಯಲಾಗದೆ ಕೂತಿದ್ದ. ಆ ಎರಡು ತಿಂಗಳು ನೋನಿ ಹಾಲು ಕುಡಿಯುವ ಕೂಸನ್ನು ಮೀನಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಒಬ್ಬಳೇ ಅಂಗಡಿ ನಡೆಸಿದ್ದಳು. ಅಂದಿನಿಂದ ಅವನು ಮೈದಾನದ ಕಡೆ ಸುಳಿದವನಲ್ಲ.

"ನಂಗೆ ಮೂವತ್ತೊಂಬತ್ತು ಕಣೋ ಫಿಂಟನ್," ಎಂದ ಕಾನ್.

"ಡೆನಿಸ್‌ಗೆ ಇಪ್ಪತ್ತಾರು. ಒಂದು ಏಣಿ ಮೇಲೆ ನಿಲ್ಲೋಕಾಗ್ಲಿಲ್ಲ."

ಆ ಹೊತ್ತಿಗೆ ನೋನಿ ಸಿಟ್ಟಿನಲ್ಲಿ ತಕ್ಕಡಿಯನ್ನು ಪಕ್ಕಕ್ಕೆ ತಳ್ಳಿದಳು. ತಳ್ಳಿದ ರಭಸಕ್ಕೆ ಬುಟ್ಟಿಯೊಳಗಿನ ನಿಂಬೆಹಣ್ಣೊಂದು ಎಗರಿ ಹಲಗೆಯ ಅಂಚಿನಿಂದಾಚೆ ಉರುಳಿತು. ಕಾನ್ ಎಡಗೈ ಚಾಚಿ, ಕಣ್ಣು ಮೀನಿನ ಮೇಲೇ ಇಟ್ಟುಕೊಂಡು, ಅದನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ಹಾಕಿದ.

"ಬರ್ತೀನಿ ಬಿಡು," ಎಂದ.

ಫಿಂಟನ್ನನ ಎದೆ ಕುಸಿಯಿತು. ಕಾರ್ಕಿನವರು ಯಾರಿಗೂ ಮುಖದ ಮೇಲೆ 'ಇಲ್ಲ' ಎನ್ನುವವರಲ್ಲ. ಅವರು 'ಬರ್ತೀನಿ ಬಿಡು' ಎಂದರೆ ಬರುವುದಿಲ್ಲ ಎಂದರ್ಥ. 'ಕೊಡ್ತೀನಿ ಬಿಡು' ಎಂದರೆ ಕೊಡುವ ಮಾತೇ ಇಲ್ಲ. ತೊಟ್ಟಿಲ ಕೂಸಿಗೂ ಗೊತ್ತಿರುವ ಈ ಮಾತನ್ನು ಇಷ್ಟು ವರ್ಷ ಹೊರಗಿದ್ದ ಫಿಂಟನ್ ಮರೆತೇಬಿಟ್ಟಿದ್ದ. ಹಿಂದಿನ ಆಗಸ್ಟಿನಲ್ಲಿ ಮೊದಲ ಸಲ ಆಟಗಾರರನ್ನು ಸೇರಿಸಿ, "ಶನಿವಾರ ಬೆಳಗ್ಗೆ ಆರು ಗಂಟೆಗೆ ಎಲ್ಲರೂ ಓಡೋಕೆ ಬರ್ತೀರಾ?" ಎಂದು ಕೇಳಿದ್ದ. ಹದಿನೆಂಟು ಮಂದಿಯೂ "ಬರ್ತೀವಿ ಬಿಡಿ ಯಜಮಾನ್ರೇ" ಎಂದಿದ್ದರು. ಆ ಶನಿವಾರ ಅವನು, ಅವನ ಸೀಟಿ ಮತ್ತು ಒಂದು ಬೀದಿನಾಯಿ, ಮೂವರೇ ಮೈದಾನ ಸುತ್ತಿದ್ದು. ಊರು ಒಂದು ವಾರ ನಕ್ಕಿತ್ತು.

"ಬರ್ತಾನಂತೆ, ಕೇಳಿಸ್ತಲ್ಲ?" ಎಂದಳು ನೋನಿ, ಮಾತಿನ ತುದಿಗೆ ಉಪ್ಪು ಸವರಿ. "ಇನ್ನು ನಾನೊಂದು ಕೇಳ್ತೀನಿ. ಇವನ ಕೈ ಮತ್ತೆ ಮುರೀತು ಅನ್ಕೊಳ್ಳಿ. ಇಲ್ಲಿ ನಿಂತು ಮೀನು ಕೊಯ್ಯೋರು ಯಾರು? ನೀವ್ ಬರ್ತೀರಾ?"

ಫಿಂಟನ್ನನಿಗೆ ನಾಚಿಕೆ, ಬೇಸರ ಎರಡೂ ಆಗಿತ್ತು. ಯೋಚಿಸದೆ ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟ: "ಬರ್ತೀನಿ ಬಿಡಿ."

ಮಾರುಕಟ್ಟೆಯ ಆ ಸಾಲು ಪೂರ್ತಿ ನಕ್ಕಿತು. ಬೆಣ್ಣೆ ಅಂಗಡಿಯವಳಂತೂ ಚಪ್ಪಾಳೆ ತಟ್ಟಿ, "ಅಂತೂ ನಮ್ಮೂರ ಮಾತು ಕಲಿತ್ರಲ್ಲಪ್ಪಾ!" ಎಂದಳು. ನೋನಿಯ ತುಟಿಯ ಕೊನೆಯೂ ಅಲುಗಿದ್ದು ನಿಜ. ಅದನ್ನು ಮರೆಮಾಚಲೋ ಏನೋ, ಅವಳು ಬಗ್ಗಿ ಮಂಜುಗಡ್ಡೆ ಕೆರೆಯತೊಡಗಿದಳು.

ಅಂದು ಸಂಜೆ ಅಭ್ಯಾಸ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ತಂಡದ ನಾಯಕ ಮಾಸಿ. ಹಗಲೆಲ್ಲ ಸೈಕಲ್ಲಿನಲ್ಲಿ ಕಾಗದ ಹಂಚುವ ಅಂಚೆಯವನು, ಸಂಜೆ ರೋವರ್ಸಿನ ಎಡಭಾಗ ಕಾಯುವವನು. ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಅವನು ಪಾಟೀಸವಾಲಿಗೆ ಕೂತ.

"ಸರಿಯಾಗಿ ನೆನಪು ಮಾಡ್ಕೊಳ್ಳಿ ಯಜಮಾನ್ರೇ. 'ಬರ್ತೀನಿ' ಆದ್ಮೇಲೆ ಉಸಿರು ತಗೊಂಡ್ನಾ?"

"ತಗೊಳ್ಳಲಿಲ್ಲ ಅನ್ಸುತ್ತೆ."

"ಆಯ್ತು ಬಿಡಿ, ಬರಲ್ಲ."

"ಉಸಿರು ತಗೊಂಡಿದ್ರೆ?"

"ಆಗಲೂ ಬರಲ್ಲ."

"ಹಾಗಾದ್ರೆ ಬರೋನು ಏನಂತಾನೆ ಮಾರಾಯ?"

"ಬರೋನು ಏನೂ ಅನ್ನಲ್ಲ ಯಜಮಾನ್ರೇ. ಬಂದು ನಿಂತಿರ್ತಾನೆ." ಮಾಸಿ ಎರಡನೆಯ ಕಾಲುಚೀಲ ಎಳೆದುಕೊಂಡ. "ಚಿಂತೆ ಮಾಡ್ಬೇಡಿ. ಭಾನುವಾರ ಗೋಲಲ್ಲಿ ನಾನೇ ನಿಲ್ತೀನಿ. ಹದಿನೈದು ವರ್ಷದಿಂದ ನಾಯಿಗಳಿಂದ ತಪ್ಪಿಸ್ಕೊಳ್ತಾ ಇದೀನಿ, ಚೆಂಡೇನು ಕಚ್ಚುತ್ತಾ?"

"ನಿನಗೆ ತಪ್ಪಿಸ್ಕೊಳ್ಳೋದು ಗೊತ್ತು ಅಂತಲೇ ನಂಗೆ ಭಯ," ಎಂದ ಫಿಂಟನ್. ಎಲ್ಲರೂ ಗೊಳ್ಳೆಂದು ನಕ್ಕು ಎದ್ದು ಹೋದರು.

ಉಳಿದವರು ಅವನು ಮತ್ತು ಹೆಗರ್ಟಿ ಮೇಷ್ಟ್ರು. ಮೇಷ್ಟ್ರು ಬೆಟ್ಟದ ಮೇಲಿನ ಶಾಲೆಯಲ್ಲಿ ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿ, ಈಗ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದರು. ಫಿಂಟನ್‌ಗೂ ಕಾನ್‌ಗೂ ಮಗ್ಗಿ ಕಲಿಸಿದವರು ಅವರೇ. ಮೂಲೆಯ ಸಣ್ಣ ಮೇಜಿನ ಮುಂದೆ ಕನ್ನಡಕ ಒರೆಸುತ್ತ ಕೂತಿದ್ದರು.

"ಕಾನ್ ಬರ್ತೀನಿ ಅಂದ್ರೂ ಆಡ್ಸೋಕೆ ಆಗ್ತಿರಲಿಲ್ಲ ಅಲ್ವಾ ಮೇಷ್ಟ್ರೇ? ಅವನ ಹೆಸರು ಪಟ್ಟಿಯಿಂದ ಹೋಗಿ ಮೂರು ವರ್ಷ ಆಯ್ತು."

ಮೇಷ್ಟ್ರು ಕೆಮ್ಮಿದರು. "ಹೋಗಿಲ್ಲ ಕಣಪ್ಪಾ. ಪ್ರತಿ ಆಗಸ್ಟಿಗೂ ನಾನು ಬರೆದು ಕಳಿಸ್ತಾನೇ ಇದೀನಿ."

"ಯಾಕೆ?"

"ಯಾಕೆ ಅಂದ್ರೆ... ಹೆಸರು ಹೊಡೆದು ಹಾಕೋಕೆ ಮನಸ್ಸು ಬರಲಿಲ್ಲ. ಅವನಿಗೂ ಗೊತ್ತಿಲ್ಲ. ಹೇಳ್ಬೇಡ, ಮುಜುಗರ ಪಡ್ತಾನೆ."

ಫಿಂಟನ್ ಒಂದು ಬೆಂಚು ಎಳೆದುಕೊಂಡು ಮೇಷ್ಟ್ರ ಎದುರು ಕೂತ. ಮೇಷ್ಟ್ರ ಈ ಸಣ್ಣ ಗುಟ್ಟು ಅವನೊಳಗಿನ ಒಂದು ದೊಡ್ಡ ಗುಟ್ಟಿನ ಚಿಲಕ ಸಡಿಲಿಸಿತೋ ಏನೋ, ಇಪ್ಪತ್ತಾರು ವರ್ಷ ಯಾರಿಗೂ ಹೇಳದ್ದನ್ನು ಅವನು ಹೇಳತೊಡಗಿದ.

"ಮೇಷ್ಟ್ರೇ, ನಾನು ಇಂಗ್ಲೆಂಡಿಗೆ ಹೋಗಿದ್ದೇ ಈ 'ಬರ್ತೀನಿ ಬಿಡಿ' ಅನ್ನೋ ಮಾತಿಂದ. ಗೊತ್ತಾ ನಿಮಗೆ?"

ಆಗ ಅವನಿಗೆ ಹದಿನೇಳು. ಅಪ್ಪ ಕೆಲಸ ಮಾಡುತ್ತಿದ್ದ ಸಾರಾಯಿ ಭಟ್ಟಿಯಲ್ಲೇ ಅವನಿಗೂ ಪೀಪಾಯಿ ತೊಳೆಯುವ ಕೆಲಸ ನಿಶ್ಚಯವಾಗಿತ್ತು. ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿನ ಕ್ಲಬ್ಬಿನಿಂದ ಕಂದು ಕೋಟಿನ ಮನುಷ್ಯನೊಬ್ಬ ಬಂದು, ಇವರ ಅಡುಗೆಮನೆಯಲ್ಲಿ ಕೂತು, ಚಹಾ ಕುಡಿದು, "ನಮ್ಮಲ್ಲಿಗೆ ಆಡೋಕೆ ಬರ್ತೀಯಾ?" ಎಂದು ಕೇಳಿದ. ದೊಡ್ಡ ಊರು, ಗುರುತಿಲ್ಲದ ಜನ ಎಂದರೆ ಹೆದರಿ ಸಾಯುತ್ತಿದ್ದ ಹುಡುಗ "ಬರ್ತೀನಿ ಬಿಡಿ" ಎಂದ. ಬರುವುದಿಲ್ಲ ಎಂದೇ ಅವನ ಲೆಕ್ಕ. ಎರಡು ವಾರಕ್ಕೆ ಹಡಗಿನ ಚೀಟಿ ಅಂಚೆಯಲ್ಲಿ ಬಂತು. ಅಮ್ಮ ಅದನ್ನು ಅವನ ಮುಂದಿಟ್ಟು, "ಬರ್ತೀನಿ ಅಂತ ಮಾತು ಕೊಟ್ಟಿದೀಯ. ಹೋಗು," ಎಂದಳು.

"ಆ ಇಂಗ್ಲಿಷ್ ಮನುಷ್ಯನಿಗೆ ಕಿವಿ ಸರಿಯಿಲ್ಲದೆ ನನ್ನ ಬಾಳು ಹೀಗಾಯ್ತು. ನಾನೂರಾ ಹನ್ನೆರಡು ಆಟ ಆಡ್ದೆ. ಗೋಲು ಹೊಡೆದದ್ದು ಎರಡು, ಅದರಲ್ಲಿ ಒಂದು ನಮ್ಮದೇ ಬಲೆಗೆ. ದೇಶಕ್ಕೆ ಅಂತ ಒಂದ್ಸಲ ಆಡ್ದೆ, ಹತ್ತೊಂಬತ್ತು ನಿಮಿಷ. ಖುಷಿಯಾಗೇ ಇದ್ದೆ ಮೇಷ್ಟ್ರೇ, ಸುಳ್ಳು ಹೇಳಲ್ಲ. ಆದ್ರೆ ಎಲ್ಲಾ ಒಂದು ತಪ್ಪು ಕಿವಿಯಿಂದ ಬಂದದ್ದಲ್ಲಾ ಅಂತ..."

ಮೇಷ್ಟ್ರು ಒರೆಸಿದ ಕನ್ನಡಕವನ್ನು ಹಾಕಿಕೊಂಡು, ಮತ್ತೆ ತೆಗೆದರು. ಅವರ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು.

"ಅವನ ಕಿವಿ ಸರಿಯಾಗೇ ಇತ್ತು ಕಣೋ. ಅವನು ಊರಿಗೆ ಹೋಗಿ ಕಾಗದ ಬರೆದಿದ್ದ, 'ಹುಡುಗನ ದನಿ ಕೇಳಿ ನನಗೆ ಅನುಮಾನ ಬಂತು, ಅವನಿಗೆ ನಿಜವಾಗಿ ಮನಸ್ಸಿದೆಯೇ?' ಅಂತ. ನಿಮ್ಮಮ್ಮ ಆ ಕಾಗದ ತಗೊಂಡು ಶಾಲೆಗೆ ಬಂದ್ರು. 'ಮನಸ್ಸಿದೆ, ಬರ್ತಾನೆ' ಅಂತ ಬರೀರಿ ಮೇಷ್ಟ್ರೇ, ನನ್ನ ಅಕ್ಷರ ಚೆನ್ನಾಗಿಲ್ಲ ಅಂದ್ರು. ಬರ್ದೆ."

ಫಿಂಟನ್ ಕೂತಲ್ಲಿಂದಲೇ ಮುಂದಕ್ಕೆ ಬಾಗಿದ.

"ಅಮ್ಮಂಗೆ ಗೊತ್ತಿತ್ತಾ? ನಾನು ಬರಲ್ಲ ಅಂದಿದ್ದು ಅಂತ?"

"ಕಾರ್ಕಿನ ಹೆಂಗಸು ಕಣಪ್ಪಾ, ಗೊತ್ತಿಲ್ದೆ ಇರುತ್ತಾ? ನಾನೂ ಕೇಳ್ದೆ, ಹುಡುಗ ಒಲ್ಲೆ ಅಂತಿದಾನಲ್ಲ ತಾಯಿ, ಅಂತ. ಅದಕ್ಕೆ ಅವರು ಏನಂದ್ರು ಗೊತ್ತಾ? 'ಬಾಯಿ ಒಲ್ಲೆ ಅಂತು ಮೇಷ್ಟ್ರೇ. ಆದ್ರೆ ಆ ಮನುಷ್ಯ ಮಾತಾಡೋ ಅಷ್ಟು ಹೊತ್ತೂ ಮೇಜಿನ ಕೆಳಗೆ ಇವನ ಕಾಲು ಚೆಂಡು ಒದೀತಾನೇ ಇತ್ತು' ಅಂದ್ರು."

ಹೊರಗೆ ಯಾರೋ ಬಕೆಟ್ಟಿನ ನೀರು ಸುರಿದ ಸದ್ದಾಯಿತು. ಫಿಂಟನ್ ತನ್ನ ಕಾಲುಗಳನ್ನು ನೋಡಿಕೊಂಡ. ಮಂಡಿಯ ಮೇಲಿನ ಹಳೆಯ ಗಾಯದ ಗೆರೆ, ಬಾಗಿದ ಹೆಬ್ಬೆರಳು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಒಮ್ಮೆಯೂ ಅವಳು ಈ ಮಾತು ಆಡಿರಲಿಲ್ಲ. ಅವನ ಕಣ್ಣು ತುಂಬಿ ಬಂತು, ಆದರೆ ಜೊತೆಗೇ ನಗುವೂ ಬಂದದ್ದರಿಂದ ಮೇಷ್ಟ್ರು ಅದನ್ನು ನೋಡಿಯೂ ನೋಡದವರ ಹಾಗೆ ಮೇಜಿನ ಖಾನೆಯಲ್ಲಿ ಏನನ್ನೋ ಹುಡುಕತೊಡಗಿದರು.

ಆಗ ಅವನಿಗೆ ಕಾನ್‌ನ ಕೈ ಗಾಳಿಯಲ್ಲೇ ಹಿಡಿದ ನಿಂಬೆಹಣ್ಣು ನೆನಪಾಯಿತು.

"ಮೇಷ್ಟ್ರೇ," ಎಂದ, "ಕ್ಲಬ್ಬಿನ ಮುದ್ರೆ ಇರೋ ಕಾಗದ ಒಂದು ಕೊಡಿ. ಮತ್ತೆ ನಿಮ್ಮ ಅಕ್ಷರವೇ ಬೇಕು."

ಮರುದಿನ ಬೆಳಗ್ಗೆ ಮಾಸಿಯ ಚೀಲದಲ್ಲಿ ಮೀನಿನ ಅಂಗಡಿಗೆ ಒಂದು ಕಾಗದ ಹೋಯಿತು. 'ಶ್ರೀ ಕಾನ್ ಟೂಮಿಯವರಿಗೆ. ಭಾನುವಾರದ ಪಂದ್ಯದಲ್ಲಿ ಆಡಲು ತಾವು ಒಪ್ಪಿಕೊಂಡದ್ದಕ್ಕೆ ಕ್ಲಬ್ಬು ಆಭಾರಿಯಾಗಿದೆ. ಎರಡು ಗಂಟೆಗೆ ಮೈದಾನದಲ್ಲಿರಬೇಕಾಗಿ ವಿನಂತಿ.' ಅಷ್ಟೇ. ಸಂಜೆ ಮಾಸಿ ವರದಿ ಒಪ್ಪಿಸಿದ.

"ನೋನಿ ಒಡೆದು ಓದಿದ್ಲು ಯಜಮಾನ್ರೇ. 'ಕಾಗದ ದಪ್ಪ ಇದೆ, ಬಂಗಡೆ ಕಟ್ಟೋಕೆ ಆಗುತ್ತೆ' ಅಂದ್ಲು."

"ಕಟ್ಟಿದ್ಲಾ?"

"ಅದೇ ನೋಡಿ ವಿಚಿತ್ರ. ಮಡಚಿ ಏಪ್ರನ್ ಜೇಬಿಗೆ ಹಾಕ್ಕೊಂಡ್ಲು."

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಜನ, ಮಧ್ಯಾಹ್ನ ಒಂದೂವರೆಗೇ ಬೆಟ್ಟದ ಮೇಲಿನ ಮೈದಾನದ ಸುತ್ತ ತುಂಬಿಕೊಂಡಿದ್ದರು. ಏಪ್ರಿಲ್ಲಿನ ಬಿಸಿಲು. ಕೆಳಗೆ ನದಿ, ಚರ್ಚಿನ ಗೋಪುರಗಳು, ಮನೆಗಳ ಹೊಗೆಗೂಡುಗಳು. ಎರಡು ಗಂಟೆಯಾಯಿತು. ಎರಡೂಕಾಲಾಯಿತು. ಎರಡೂವರೆಗೆ ಆಟಗಾರರ ಪಟ್ಟಿಯನ್ನು ರೆಫರಿಯ ಕೈಗೆ ಕೊಡಬೇಕು. ಫಿಂಟನ್ ಪಟ್ಟಿಯಲ್ಲಿ ಒಂದನೆಯ ಹೆಸರಾಗಿ ಕಾನ್ ಟೂಮಿ ಎಂದು ಬರೆದಾಗಿತ್ತು. ಮಾಸಿ ಯಾವುದಕ್ಕೂ ಇರಲೆಂದು ಡೆನಿಸ್‌ನ ಕೈಗವಸು ಹಾಕಿಕೊಂಡು ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದ. ಮೂರಕ್ಕೆ ಎರಡು ಬಿಡುತ್ತಿದ್ದ. ಅವನನ್ನು ನೋಡಲಾಗದೆ ಫಿಂಟನ್ ಗೇಟಿನ ಬಳಿಗೆ ಹೋಗಿ ನಿಂತ.

ಬಸ್ಸು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂತು. ನಿಲ್ದಾಣ ಇನ್ನೂರು ಗಜ ಕೆಳಗಿದ್ದರೂ ಚಾಲಕ ಅಲ್ಲಿ ನಿಲ್ಲಿಸದೆ, ನೇರ ಗೇಟಿನ ಮುಂದೆಯೇ ತಂದು ನಿಲ್ಲಿಸಿ, ಏನೂ ನಡೆದಿಲ್ಲವೆಂಬಂತೆ ಆಕಾಶ ನೋಡುತ್ತ ಕೂತ. ಮೊದಲು ನೋನಿ ಇಳಿದಳು, ಕೈಯಲ್ಲೊಂದು ಚೀಲ, ಮುಖ ಗಂಟು. ಹಿಂದೆ ಕಾನ್.

"ಹೊತ್ತು ನೋಡಿದ್ಯೇನೋ?" ಎಂದು ಬೈಯುತ್ತಲೇ ಫಿಂಟನ್ ಗೇಟು ಅಗಲವಾಗಿ ತೆರೆದ.

"ಶಾಂಡನ್ ಗೋಪುರದ ಗಡಿಯಾರ ನೋಡ್ಕೊಂಡೇ ಹೊರಟದ್ದು," ಎಂದ ಕಾನ್. ಆ ಗಡಿಯಾರಕ್ಕೆ ನಾಲ್ಕು ಮುಖ, ನಾಲ್ಕೂ ನಾಲ್ಕು ಹೊತ್ತು ತೋರಿಸುತ್ತವೆ. "ನಮ್ಮನೆ ಕಡೆ ಮುಖದಲ್ಲಿ ಇನ್ನೂ ಎರಡು ಹೊಡೆದಿಲ್ಲ."

ನೋನಿ ಚೀಲವನ್ನು ಗಂಡನ ಎದೆಗೆ ಒತ್ತಿದಳು. ಅದರೊಳಗೆ ಅವನ ಹಳೆಯ ಬೂಟು. ಮೂರು ವರ್ಷದ ಧೂಳೆಲ್ಲ ಹೋಗಿ ಎಣ್ಣೆ ಹಚ್ಚಿ ಮಿರುಗುತ್ತಿತ್ತು, ಹೊಸ ಬಿಳಿ ಲಾಡಿ. ಇದು ಕಾನ್ ಮಾಡಿದ ಕೆಲಸವಲ್ಲವೆಂದು ಫಿಂಟನ್‌ಗೆ ಲಾಡಿಯ ಅಚ್ಚುಕಟ್ಟು ನೋಡಿಯೇ ಗೊತ್ತಾಯಿತು.

ಆಟದ ಬಗ್ಗೆ ಕಾರ್ಕಿನಲ್ಲಿ ಇನ್ನೂ ಮಾತಾಡುತ್ತಾರೆ, ಆದರೆ ನಿಜ ಹೇಳಬೇಕೆಂದರೆ ಅದು ಅಂಥ ಚೆಂದದ ಆಟವೇನೂ ಆಗಿರಲಿಲ್ಲ. ಡಬ್ಲಿನ್ನಿನವರು ತೊಂಬತ್ತು ನಿಮಿಷವೂ ಒತ್ತಿಕೊಂಡು ಬಂದರು. ರೋವರ್ಸಿನವರು ತೊಂಬತ್ತು ನಿಮಿಷವೂ ಚೆಂಡನ್ನು ಬೆಟ್ಟದ ಕೆಳಗೆ ಒದೆದರು. ಕಾನ್ ಮೊದಲರ್ಧದಲ್ಲಿ ಒಮ್ಮೆ ಜಾರಿ ಬಿದ್ದ, ಒಮ್ಮೆ ಚೆಂಡನ್ನು ಹೊಟ್ಟೆಯಿಂದ ತಡೆದ, ಒಮ್ಮೆ ಮುಖದಿಂದ. "ಮೀನಿಗಿಂತ ಜಾರ್ತೀಯಲ್ಲೋ!" ಎಂದು ಯಾರೋ ಕೂಗಿದರು. "ಶುಕ್ರವಾರ ಅಂಗಡಿಗೆ ಬಾ, ತೋರಿಸ್ತೀನಿ!" ಎಂದು ಅವನು ಗೋಲಿನಿಂದಲೇ ಕೂಗಿದ.

ಎಂಬತ್ತೆಂಟನೆಯ ನಿಮಿಷ. ಎರಡೂ ಕಡೆ ಸೊನ್ನೆ. ಡಬ್ಲಿನ್ನಿನ ಎತ್ತರದ ಫಾರ್ವರ್ಡ್ ಆಟಗಾರ ಮಾಸಿಯನ್ನು ದಾಟಿ, ಹನ್ನೆರಡು ಗಜದಿಂದ, ಕಂಬದ ಮೂಲೆಗೆ ಗುರಿಯಿಟ್ಟು ಹೊಡೆದ. ಫಿಂಟನ್ ಕಣ್ಣು ಮುಚ್ಚಲಿಲ್ಲ. ಅವನು ನೋಡುತ್ತಿದ್ದದ್ದು ಚೆಂಡನ್ನಲ್ಲ, ಕಾನ್‌ನ ಕೈಯನ್ನು. ಅದು ಆಗಲೇ ಅಲ್ಲಿತ್ತು. ಬಲಗೈಯ ಬೆರಳ ತುದಿಗೆ ಚೆಂಡು ತಾಗಿ, ಅಡ್ಡಪಟ್ಟಿಗೆ ಬಡಿದು, ಮೇಲಿನಿಂದ ಹಾರಿ, ಯಾರದೋ ತೋಟದ ಕೋಸಿನ ಮಡಿಯಲ್ಲಿ ಬಿತ್ತು. ತೋಟದವಳು ಅದನ್ನು ಹಿಂದಕ್ಕೆ ಎಸೆಯಲು ಅವಸರವನ್ನೇನೂ ಪಡಲಿಲ್ಲ. ಅವಳು ಚೆಂಡಿನ ಮಣ್ಣು ಒರೆಸಿ ಕೊಡುವಷ್ಟರಲ್ಲಿ ಆಟ ಮುಗಿದ ಸೀಟಿ ಊದಿಯಾಗಿತ್ತು.

ಜನ ಒಳಗೆ ನುಗ್ಗಿ ಕಾನ್‌ನನ್ನು ಹೆಗಲ ಮೇಲೆ ಹೊತ್ತರು. ಆ ಗದ್ದಲದ ಮೇಲೆ ಅವನ ಬಲಗೈ ಮಾತ್ರ ಬೇರೆಯಾಗಿ, ಎಚ್ಚರಿಕೆಯಿಂದ, ಎತ್ತಿ ಹಿಡಿದಂತಿತ್ತು. ಎರಡು ಬೆರಳು ಆಗಲೇ ಗಜ್ಜರಿಯಷ್ಟು ಊದಿದ್ದವು. ನೋನಿ ಜನರನ್ನು ಮೊಣಕೈಯಿಂದ ಸರಿಸುತ್ತ ಬಂದು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಆ ಕೈ ಕಟ್ಟಿದಳು. ಒಮ್ಮೆ ಫಿಂಟನ್‌ನ ಕಡೆ ನೋಡಿದಳು.

ಸೋಮವಾರ ಮೀನಿನ ಅಂಗಡಿಗೆ ರಜೆ. ಮಂಗಳವಾರ ಬೆಳಗ್ಗೆ ಆರೂವರೆಗೆ ನೋನಿ ಬಾಗಿಲು ತೆಗೆಯಲು ಬಂದಾಗ, ಮಾರುಕಟ್ಟೆಯ ಕಲ್ಲುಕಟ್ಟೆಯ ಮೇಲೆ ಫಿಂಟನ್ ಕೂತಿದ್ದ. ಪಕ್ಕದಲ್ಲಿ ಮಡಚಿದ ಒಂದು ಏಪ್ರನ್.

"ಇದೇನು ನೀವಿಲ್ಲಿ?"

"ಬರ್ತೀನಿ ಅಂದಿದ್ನಲ್ಲ."

"ಹಾಗಂದ್ರೆ ಬರಲ್ಲ ಅಂತ ಅಲ್ವಾ?"

"ಹೌದಾ? ತುಂಬಾ ವರ್ಷ ಇಂಗ್ಲೆಂಡಲ್ಲಿದ್ದೆ ನೋನಿ. ಮರ್ತೋಗಿದೆ."

ನೋನಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೀಗದ ಕೈ ಅವನತ್ತ ಎಸೆದಳು. ಅವನು ಹಿಡಿಯಲಿಲ್ಲ, ಅದು ನೆಲದ ಮರದ ಹೊಟ್ಟಿನಲ್ಲಿ ಬಿತ್ತು.

"ಹಿಡಿಯೋದು ನನ್ನ ಗಂಡನ ಕೆಲಸ," ಎಂದಳು. "ಹೆಕ್ಕೋದು ನಿಮ್ಮ ಕೆಲಸ. ಬನ್ನಿ."

ಅಂದು ಆ ಸಾಲಿನ ಅಂಗಡಿಗಳಲ್ಲಿ ವ್ಯಾಪಾರಕ್ಕಿಂತ ನಗುವೇ ಹೆಚ್ಚಾಯಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಕಾನ್, ಮುಕ್ಕಾಲಿಯೊಂದನ್ನು ಎಳೆದುಕೊಂಡು ಮೈದಾನದ ಗೆರೆಯಾಚೆ ಕೂತ ಮ್ಯಾನೇಜರನ ಹಾಗೆ ಕೂತುಬಿಟ್ಟ.

"ಚಾಕು ಅಲ್ಲ ಕಣೋ, ಮೀನು ತಿರುಗ್ಸು! ಬಾಲದ ಕಡೆಯಿಂದ! ಬಾಲ ಯಾವ ಕಡೆ ಇದೆ ಅಂತಾದ್ರೂ ಗೊತ್ತಾ?"

"ಸುಮ್ನಿರೋ. ಕೈ ಹೆದರ್ತಾ ಇದೆ."

"ಹೆದರ್ಬೇಡ, ಸತ್ತೋಗಿದೆ ಅದು. ಭಾನುವಾರದ ನಮ್ಮ ಫಾರ್ವರ್ಡ್‌ಗಳ ಹಾಗೇ."

"ಇವರು ಫುಟ್‌ಬಾಲಿನ ಯಜಮಾನ್ರಲ್ವಾ?" ಎಂದು ಕೇಳಿದರು, ಟೋಪಿಗೆ ಗರಿ ಸಿಕ್ಕಿಸಿಕೊಂಡ ಒಬ್ಬ ಅಜ್ಜಿ.

"ಅಲ್ಲಿ ಯಜಮಾನ ಅಷ್ಟೇ," ಎಂದಳು ನೋನಿ. "ಇಲ್ಲಿ ಇವನು ಕೂಲಿಯವನು."

ಇಷ್ಟು ದಿನ 'ನೀವು', 'ಅವರು' ಎನ್ನುತ್ತಿದ್ದವಳು 'ಇವನು' ಎಂದದ್ದು ಫಿಂಟನ್‌ನ ಕಿವಿಗೆ ಬಿತ್ತು. ಅವನು ತಲೆಯೆತ್ತಲಿಲ್ಲ. ಕೈಯೊಳಗಿನ ಮೀನು ಇನ್ನಷ್ಟು ಸೊಟ್ಟಗೆ ಸೀಳಿತು. ಹುರಿಯಲು ಅಗಲವಾದ ತುಂಡು ಬೇಕೆಂದಿದ್ದ ಅಜ್ಜಿಗೆ ಕೊನೆಗೆ ಸಿಕ್ಕಿದ್ದು ಮೂರು ಚಿಂದಿ.

"ಕ್ಷಮಿಸಿ ತಾಯಿ, ಇನ್ನೊಂದು ಕೊಯ್ದು ಕೊಡ್ತೀನಿ."

"ಬೇಡಪ್ಪಾ, ಇದೇ ಸರಿ. ಸೂಪಿಗೆ ತಾನೇ," ಎಂದು ಅಜ್ಜಿ ಚೀಲದ ಬಾಯಿ ತೆರೆದರು.

"ಹುರಿಯೋಕೆ ಅಂದಿದ್ರಲ್ಲ?"

"ಈಗ ಸೂಪು ಅಂದ್ಕೊಂಡೆ. ಮೋಡ ಆಗಿದೆ ನೋಡು." ಹೊರಗೆ ಬಿಸಿಲು ಚಕಚಕನೆ ಹೊಳೆಯುತ್ತಿತ್ತು.

ಹನ್ನೊಂದರ ಹೊತ್ತಿಗೆ ಹೆಗರ್ಟಿ ಮೇಷ್ಟ್ರು ಬಂದರು. ಮೀನು ಕೊಳ್ಳುವವರ ಹಾಗೆ ಸಾಲಿನಲ್ಲೇ ನಿಂತು, ಸರದಿ ಬಂದಾಗ ಟೋಪಿ ತೆಗೆದರು.

"ಎರಡು ಬಂಗಡೆ ಕೊಡಪ್ಪಾ ಫಿಂಟನ್. ನಿನ್ನೆ ಸಂಜೆ ಸಮಿತಿ ಸೇರಿತ್ತು. ಮುಂದಿನ ವರ್ಷವೂ ಇರ್ತೀಯಾ ಅಂತ ಕೇಳ್ಕೊಂಡ್ ಬರೋಕೆ ನನ್ನ ಕಳಿಸಿದಾರೆ."

"ಇರ್ತೀನಿ ಬಿ..." ಎಂದವನು ಬಾಯಿಗೆ ಬಂದದ್ದನ್ನು ಅಲ್ಲೇ ಕಚ್ಚಿ ಹಿಡಿದ. ಸಾಲು ಸಾಲೇ ಅವನನ್ನು ನೋಡುತ್ತಿತ್ತು. ಬೆಣ್ಣೆ ಅಂಗಡಿಯವಳು ತೂಗುತ್ತಿದ್ದ ಬೆಣ್ಣೆಯನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದಳು. ಮುಕ್ಕಾಲಿಯ ಮೇಲಿನ ಕಾನ್ ಕತ್ತು ಚಾಚಿದ.

ಫಿಂಟನ್ ಚಾಕು ಕೆಳಗಿಟ್ಟು, ಏಪ್ರನ್‌ಗೆ ಕೈ ಒರೆಸಿಕೊಂಡ. "ಹೂಂ ಮೇಷ್ಟ್ರೇ," ಎಂದ. "ಇರ್ತೀನಿ."

"ಸರಿ," ಎಂದರು ಮೇಷ್ಟ್ರು, ಮಗ್ಗಿ ಸರಿಯಾಗಿ ಒಪ್ಪಿಸಿದ ಹುಡುಗನಿಗೆ ಹೇಳುವಂತೆ. "ತಲೆ ತೆಗೆದು ಕೊಡು. ತೆಗೆಯೋಕೆ ಬರದಿದ್ರೆ ಹಾಗೇ ಕೊಡು."

ಹನ್ನೆರಡೂವರೆಗೆ ಗಿರಾಕಿಗಳು ಸ್ವಲ್ಪ ಕಡಿಮೆಯಾದರು. ನೋನಿ ಶಾಲು ಹೊದ್ದು ಎಲ್ಲಿಗೋ ಹೋದವಳು, ಕಾಲು ಗಂಟೆಯ ಮೇಲೆ ತಟ್ಟೆಯೊಂದರ ಮೇಲೆ ಇನ್ನೊಂದು ತಟ್ಟೆ ಕವುಚಿ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದಳು. ಖಾಲಿ ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಒರೆಸಿದಳು. ಗಂಟು ಬಿಚ್ಚಿದಾಗ ಹಬೆ ಎದ್ದಿತು: ಬೆಣ್ಣೆ ಕರಗುತ್ತಿದ್ದ ಆಲೂಗಡ್ಡೆ, ಬೇಯಿಸಿದ ಕೋಸು, ಹಂದಿಮಾಂಸದ ಎರಡು ದಪ್ಪ ತುಂಡು. ಕಾನ್ ಹೆಂಡತಿಯ ಮುಖ ನೋಡಿ, ಎದ್ದು ತನ್ನ ಮುಕ್ಕಾಲಿಯನ್ನು ಆ ಪೆಟ್ಟಿಗೆಯ ಬಳಿಗೆ ಸರಿಸಿದ.

ಫಿಂಟನ್ ಇನ್ನೂ ಒಂದು ಮೀನಿನ ಜೊತೆ ಹೆಣಗುತ್ತಿದ್ದ. ನೋನಿ ಹಿಂದಿನಿಂದ ಬಂದು, ಅವನ ಕೈಯಿಂದ ಚಾಕು ತೆಗೆದುಕೊಂಡು, ಆ ಕೈಗೆ ತಟ್ಟೆ ಕೊಟ್ಟು, ಮುಂದೆ ಕಾಯುತ್ತಿದ್ದ ಗಿರಾಕಿಯ ಕಡೆ ತಿರುಗಿದಳು.